ಪರದೆಯ ಮೇಲಿನ ಸೊನ್ನೆ: ಮಲೇಷ್ಯಾದ ಸಾವಿನ ದತ್ತಾಂಶ ಮತ್ತು ಮೊಬೈಲ್ ಆ್ಯಪ್



2021ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಮಲೇಷ್ಯಾದ ಆರೋಗ್ಯ ಸಚಿವಾಲಯವು ಒಂದೇ ದಿನ 592 ಕೋವಿಡ್ ಸಾವುಗಳನ್ನು ಪ್ರಕಟಿಸಿತು. ಮೊಬೈಲ್ ಪರದೆಗಳ ಮೇಲಿನ ಗ್ರಾಫಿನಲ್ಲಿ ಆ ದಿನದ ಕಂಬ ಮಿಕ್ಕೆಲ್ಲ ಕಂಬಗಳನ್ನು ಮೀರಿ ಎದ್ದು ನಿಂತಿತು. ಆ 592 ಮಂದಿಯಲ್ಲಿ ಬಹುಪಾಲು ಜನ ಅಂದು ತೀರಿಕೊಂಡವರಲ್ಲ. ಅದಕ್ಕೂ ಹಿಂದೆಯೇ ಸತ್ತು, ದಾಖಲೆಯ ಸರದಿಯಲ್ಲಿ ಉಳಿದುಹೋಗಿದ್ದವರು ಅವರು. ಗ್ರಾಫು ಸುಳ್ಳು ಹೇಳಲಿಲ್ಲ, ಆದರೆ ಅದನ್ನು ನೋಡಿದವರು ತಿಳಿದುಕೊಂಡದ್ದು ನಿಜವಾಗಿರಲಿಲ್ಲ.

ಸರ್ವರಿನಿಂದ ಬಂದ ದತ್ತಾಂಶವನ್ನು ಮೊಬೈಲ್ ಆ್ಯಪ್‌ನಲ್ಲಿ ತೋರಿಸುವುದು ಇಂದು ಹೊಸಬರ ಮೊದಲ ಪಾಠಗಳಲ್ಲಿ ಒಂದು. ಕ್ವಾಲಾಲಂಪುರ, ಸೈಬರ್‌ಜಯದಿಂದ ಬೆಂಗಳೂರಿನವರೆಗೆ ಸಾವಿರಾರು ಜನರ ಅನ್ನ ಅದರಿಂದ ನಡೆಯುತ್ತದೆ. ಅದನ್ನು ಶುದ್ಧ ತಾಂತ್ರಿಕ ಕೆಲಸವೆಂದು ಭಾವಿಸುವುದೇ ರೂಢಿ. ಹಾಗಲ್ಲವೆಂಬುದಕ್ಕೆ ಮಲೇಷ್ಯಾದ ಈ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಮೊದಲು ಕೆಲಸದ ಬಗೆಯನ್ನು ನೋಡೋಣ. ಆಂಡ್ರಾಯ್ಡ್‌ಗೂ ಐಫೋನಿಗೂ ಪ್ರತ್ಯೇಕವಾಗಿ ಬರೆಯದೆ ಒಂದೇ ಕೋಡಿನಿಂದ ಎರಡೂ ಕಡೆ ಓಡುವ ಆ್ಯಪ್ ಕಟ್ಟಲು ರಿಯಾಕ್ಟ್ ನೇಟಿವ್, ಫ್ಲಟರ್, ಡಾಟ್‌ನೆಟ್ ಮಾವಿ ಮುಂತಾದ ಚೌಕಟ್ಟುಗಳಿವೆ. ಎಲ್ಲದರಲ್ಲೂ ದಾರಿ ಹೆಚ್ಚುಕಡಿಮೆ ಒಂದೇ. ಆ್ಯಪ್ ಒಂದು ವಿಳಾಸಕ್ಕೆ ಕೋರಿಕೆ ಕಳುಹಿಸುತ್ತದೆ; ಉತ್ತರವು ಜೇಸನ್ ಅಥವಾ ಸಿಎಸ್‌ವಿ ರೂಪದ ಬರಿಯ ಪಠ್ಯವಾಗಿ ಬರುತ್ತದೆ; ಆ ಪಠ್ಯವನ್ನು ಬಿಡಿಸಿ ಪ್ರತಿಯೊಂದು ಸಾಲನ್ನೂ ಒಂದು ವಸ್ತುವಾಗಿ ಮಾರ್ಪಡಿಸಿ ಪಟ್ಟಿಯಾಗಿಯೋ ಗ್ರಾಫಾಗಿಯೋ ಪರದೆಗೆ ಕೊಡಬೇಕು. ಉತ್ತರ ಬರುವವರೆಗೆ ಪರದೆ ಸ್ತಬ್ಧವಾಗಬಾರದು. ಆದುದರಿಂದ ಕಾಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಇಷ್ಟನ್ನು ಯಾವ ಕೈಪಿಡಿಯೂ ಹೇಳಿಕೊಡುತ್ತದೆ.

ಕೈಪಿಡಿಗಳು ಅವಸರದಲ್ಲಿ ದಾಟಿಹೋಗುವ ಜಾಗವೊಂದಿದೆ. ಬಂದ ಸಾಲಿನಲ್ಲಿ ಒಂದು ಅಂಕಿಯೇ ಇಲ್ಲದಿದ್ದರೆ ಏನು ಮಾಡಬೇಕು? ಸುಮ್ಮನೆ ಬಿಟ್ಟರೆ ಆ್ಯಪ್ ಕುಸಿಯುತ್ತದೆ. ಫ್ಲಟರಿನ ಡಾರ್ಟ್ ಭಾಷೆಯಲ್ಲಿಯೂ ಜಾವಾಸ್ಕ್ರಿಪ್ಟ್‌ನಲ್ಲಿಯೂ ಸಿ ಶಾರ್ಪ್‌ನಲ್ಲಿಯೂ ಇದಕ್ಕೊಂದು ಸುಲಭ ಪರಿಹಾರವಿದೆ: ಎರಡು ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ಒಂದು ಸೊನ್ನೆ. ಮೌಲ್ಯ ಇಲ್ಲದಿದ್ದರೆ ಸೊನ್ನೆ ಎಂದಿಟ್ಟುಕೋ ಎಂಬುದು ಅದರ ಅರ್ಥ. ಆ್ಯಪ್ ಕುಸಿಯುವುದಿಲ್ಲ, ಪರೀಕ್ಷೆಯಲ್ಲಿ ಪಾಸಾಗುತ್ತದೆ, ಗಡುವಿನೊಳಗೆ ಕೆಲಸ ಮುಗಿಯುತ್ತದೆ. ಪರದೆಯ ಮೇಲೆ ಮಾತ್ರ ‘ಲೆಕ್ಕ ಇನ್ನೂ ಬಂದಿಲ್ಲ’ ಎಂಬುದು ‘ಯಾರೂ ಸತ್ತಿಲ್ಲ’ ಎಂದಾಗಿಬಿಡುತ್ತದೆ. ನೆಟ್‌ವರ್ಕ್ ಕಡಿದಾಗ, ಸರ್ವರ್ ಕೈಕೊಟ್ಟಾಗ ತೋರುವ ಖಾಲಿ ಪಟ್ಟಿಯೂ ಇಂಥದೇ. ದತ್ತಾಂಶ ಬರುತ್ತಿದೆ, ಬರಲಿಲ್ಲ, ಬಂದಿದೆ ಆದರೆ ಏನೂ ಇಲ್ಲ, ಬಂದಿದೆ ಮತ್ತು ಇಷ್ಟಿದೆ: ಈ ನಾಲ್ಕು ಸ್ಥಿತಿಗಳಿಗೆ ನಾಲ್ಕು ಬೇರೆ ಪರದೆಗಳು ಬೇಕು. ಹಲವು ಆ್ಯಪ್‌ಗಳಲ್ಲಿ ಇರುವುದು ಎರಡೇ.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಇಲ್ಲಿ ಇನ್ನೊಂದು ಬಲೆ ಕಾದಿದೆ. ಭಾಷೆಗಳ ವಚನ ನಿಯಮಗಳನ್ನು ಪಟ್ಟಿ ಮಾಡುವ ಯೂನಿಕೋಡ್‌ನ ಸಿಎಲ್‌ಡಿಆರ್ ಭಂಡಾರದಲ್ಲಿ ಕನ್ನಡದ ಸೊನ್ನೆಯೂ ಏಕವಚನದ ಗುಂಪಿಗೇ ಸೇರಿದೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅನುವಾದಕರು ಏಕವಚನದ ಜಾಗದಲ್ಲಿ ಅಂಕಿಯನ್ನು ಬಿಟ್ಟು ‘ಒಬ್ಬರು ತೀರಿಕೊಂಡಿದ್ದಾರೆ’ ಎಂದು ಬರೆದು, ಸೊನ್ನೆಗೆ ಪ್ರತ್ಯೇಕ ವಾಕ್ಯ ಕೊಡಲು ಮರೆತರೆ, ಯಾರೂ ಸಾಯದ ದಿನವೂ ಆ್ಯಪ್ ಒಬ್ಬರನ್ನು ಸಾಯಿಸುತ್ತದೆ!

ಮತ್ತೆ ಮಲೇಷ್ಯಾಕ್ಕೆ ಬರೋಣ. 2021ರ ಜೂನ್ 1ರಿಂದ ದೇಶವಿಡೀ ಲಾಕ್‌ಡೌನ್‌ನಲ್ಲಿತ್ತು. ಜೂನ್ ಕೊನೆಯ ಹೊತ್ತಿಗೆ, ಮನೆಯಲ್ಲಿ ಅನ್ನವಿಲ್ಲದವರು ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ನೆರವು ಕೇಳುವ ‘ಬೆಂಡೇರಾ ಪುತಿಹ್’, ಅಂದರೆ ಬಿಳಿ ಬಾವುಟದ ಅಭಿಯಾನ ಹುಟ್ಟಿಕೊಂಡಿತು. ಆಗಸ್ಟ್ 26ರಂದು ಒಂದೇ ದಿನ 24,599 ಹೊಸ ಪ್ರಕರಣಗಳು ದಾಖಲಾದವು. ಇವೆರಡರ ನಡುವೆ, ಜುಲೈನಲ್ಲಿ, ಆರೋಗ್ಯ ಸಚಿವಾಲಯವು ತನ್ನ ಕೋವಿಡ್ ದತ್ತಾಂಶವನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಯಾರ ಅಪ್ಪಣೆಯೂ ಇಲ್ಲದೆ ಯಾವ ಆ್ಯಪ್ ಬೇಕಾದರೂ ಆ ಕಡತಗಳನ್ನು ನೇರವಾಗಿ ಓದಬಹುದಾಗಿತ್ತು.

ಅದರ ಬೆಲೆಯನ್ನು ಅರಿಯಲು ಕರ್ನಾಟಕವನ್ನು ನೆನೆದರೆ ಸಾಕು. ರಾಜ್ಯದ ಆರೋಗ್ಯ ಇಲಾಖೆಯ ದೈನಂದಿನ ಬುಲೆಟಿನ್ ಪಿಡಿಎಫ್ ರೂಪದಲ್ಲಿ ಬರುತ್ತಿತ್ತು. ಮನುಷ್ಯರು ಓದಬಹುದಾದ, ಆ್ಯಪ್‌ಗಳು ಸುಲಭವಾಗಿ ಓದಲಾರದ ಕಡತ ಅದು. ರಾಜ್ಯ ರಾಜ್ಯಗಳ ಇಂಥ ಬುಲೆಟಿನ್‌ಗಳನ್ನು ಹೆಕ್ಕಿ, ಅಂಕಿಗಳನ್ನು ದಾಖಲಿಸಿ, ಜೇಸನ್ ರೂಪದಲ್ಲಿ ಜಗತ್ತಿಗೆ ಒದಗಿಸಿದವರು ‘ಕೋವಿಡ್19ಇಂಡಿಯಾ’ ತಂಡದ ಸ್ವಯಂಸೇವಕರು. 2021ರ ಅಕ್ಟೋಬರ್ 31ಕ್ಕೆ ಅವರು ಆ ಕೆಲಸ ನಿಲ್ಲಿಸಿದರು. ಒಂದು ಉಪಖಂಡದ ಸಾವಿನ ಲೆಕ್ಕಕ್ಕೆ ಜನ ತಮ್ಮ ನಿದ್ದೆಗೆಟ್ಟು ಸೇತುವೆ ಕಟ್ಟಬೇಕಾಯಿತೆಂಬುದು ಹೆಮ್ಮೆಯ ಸಂಗತಿ ಹೌದು. ಪ್ರಭುತ್ವಕ್ಕೆ ಅದು ನಾಚಿಕೆಯ ಸಂಗತಿಯೂ ಆಗಬೇಕಿತ್ತು.

ಹಾಗೆಂದು ಮಲೇಷ್ಯಾದ ಸರ್ಕಾರವನ್ನು ಆದರ್ಶವೆಂದು ಕೊಂಡಾಡಬೇಕಾಗಿಲ್ಲ. ಜನ ಹೋದಲ್ಲೆಲ್ಲ ಸ್ಕ್ಯಾನ್ ಮಾಡಬೇಕಿದ್ದ ‘ಮೈಸೆಜಾಹ್ತರಾ’ ಆ್ಯಪ್‌ನ ಒಡೆತನ ಯಾರದೆಂಬ ಪ್ರಶ್ನೆ 2022ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು. ತೆರೆದ ದತ್ತಾಂಶ ಒಂದು ಕಡೆ, ಮುಚ್ಚಿದ ಕರಾರು ಇನ್ನೊಂದು ಕಡೆ.

ಸಾವಿನ ಕಡತಕ್ಕೆ ಬಂದರೆ, ಅದರಲ್ಲಿ ದಿನಕ್ಕೊಂದು ಸಾಲು. ಪ್ರತಿ ಸಾಲಿನಲ್ಲಿ ಹಲವು ಅಂಕಣಗಳು. ಆ ದಿನ ಪ್ರಕಟವಾದ ಸಾವುಗಳದು ಒಂದು, ಆ ದಿನವೇ ಸಂಭವಿಸಿದ ಸಾವುಗಳದು ಇನ್ನೊಂದು. ಮೊದಲಿನದನ್ನು ಆರಿಸಿಕೊಂಡ ಆ್ಯಪ್ ಸೆಪ್ಟೆಂಬರಿನ 592ರ ಶಿಖರವನ್ನು ತೋರಿಸುತ್ತದೆ. ಎರಡನೆಯದನ್ನು ಆರಿಸಿಕೊಂಡರೆ ಶಿಖರ ಆಗಸ್ಟಿಗೆ ಸರಿಯುತ್ತದೆ, ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದ ದಿನಗಳಿಗೆ. ಆದರೆ ಎರಡನೆಯದಕ್ಕೂ ಒಂದು ಕುಂದಿದೆ. ಇತ್ತೀಚಿನ ದಿನಗಳ ಸಾವುಗಳು ಇನ್ನೂ ವರದಿಯಾಗದಿರುವುದರಿಂದ ಗೆರೆ ಕೊನೆಯಲ್ಲಿ ಯಾವಾಗಲೂ ಕೆಳಗಿಳಿಯುತ್ತದೆ. ನೋಡಿದವರಿಗೆ ಪಿಡುಗು ತಗ್ಗುತ್ತಿದೆಯೆಂಬ ಭ್ರಮೆ. ಆ ಕೊನೆಯ ಭಾಗವನ್ನು ಮಸುಕು ಬಣ್ಣದಲ್ಲಿ ಬಿಡಿಸಿ ‘ಅಪೂರ್ಣ’ ಎಂದು ಬರೆಯುವುದೇ ಪ್ರಾಮಾಣಿಕ ಮಾರ್ಗ. ಸರ್ವರಿನಿಂದ ಕೊನೆಯ ಬಾರಿ ಯಾವಾಗ ಓದಲಾಯಿತೆಂಬ ಹೊತ್ತನ್ನೂ ಅಲ್ಲೇ ಕೊಡಬೇಕು. ಫೋನು ತನ್ನಲ್ಲಿ ಉಳಿಸಿಕೊಂಡಿದ್ದ ನಿನ್ನೆಯ ಪ್ರತಿಯನ್ನು ಇಂದಿನದೆಂದು ತೋರಿಸುವ ಆ್ಯಪ್‌ಗಳು ಕಡಿಮೆಯೇನಿಲ್ಲ.

ಇದೇ ಕಡತದಲ್ಲಿ ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಬಿಟ್ಟವರಿಗೆಂದು ಬೇರೆ ಅಂಕಣವಿದೆ. ಹೆಸರುಗಳನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದು ಸಾಲು ಮೀಸಲಿಟ್ಟ ಇನ್ನೊಂದು ಕಡತವೂ ಇದೆ: ವಯಸ್ಸು, ರಾಜ್ಯ, ಲಸಿಕೆಯ ದಿನಾಂಕ. ಲಸಿಕೆಯ ದಿನಾಂಕ ಖಾಲಿಯಿದ್ದರೆ ಪಡೆದ ದಾಖಲೆಯಿಲ್ಲವೆಂದು ಅರ್ಥ. ಇಲ್ಲಿ ಖಾಲಿಯೇ ಮಾಹಿತಿ. ಅದನ್ನು ಬೇರೇನಾದರೂ ತುಂಬಿ ಮುಚ್ಚಿದರೆ ಒಬ್ಬ ಮನುಷ್ಯನ ಕತೆಯೇ ಅಳಿಸಿಹೋಗುತ್ತದೆ. ಪ್ರತಿ ಸಾಲಿನಲ್ಲಿ ಸತ್ತವರು ಮಲೇಷ್ಯಾದ ಪ್ರಜೆಯೋ ಅಲ್ಲವೋ ಎಂಬುದೂ ಇದೆ.

2020ರ ಮೇ 1ರಂದು, ಕಾರ್ಮಿಕರ ದಿನದಂದೇ, ಕ್ವಾಲಾಲಂಪುರದ ಮಸ್ಜಿದ್ ಇಂಡಿಯಾ ಪ್ರದೇಶದಲ್ಲಿ ದಾಳಿ ನಡೆಸಿ ದಾಖಲೆಗಳಿಲ್ಲದ ನೂರಾರು ವಲಸೆ ಕಾರ್ಮಿಕರನ್ನು ಬಂಧಿಸಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕ್ಲಾಂಗ್‌ನ ‘ಟಾಪ್ ಗ್ಲೋವ್’ ಕೈಗವಸು ಕಾರ್ಖಾನೆಗಳ ವಸತಿಗೃಹಗಳಲ್ಲಿ ಸಾವಿರಾರು ಕಾರ್ಮಿಕರಿಗೆ ಸೋಂಕು ತಗಲಿತು. ಜಗತ್ತಿನ ಕೈಗಳನ್ನು ಕಾಪಾಡುವ ಕೈಗವಸು ಮಾಡುತ್ತಿದ್ದ ನೇಪಾಳಿಗಳು, ಬಾಂಗ್ಲಾದೇಶಿಗಳು ಅವರು. ಬಂಧನದ ಭಯವಿರುವವನು ಪರೀಕ್ಷೆಗೆ ಬರುವುದಿಲ್ಲ, ಆಸ್ಪತ್ರೆಗೂ ತಡವಾಗಿ ಬರುತ್ತಾನೆ ಅಥವಾ ಬರುವುದೇ ಇಲ್ಲ. ಕೊಲ್ಲಿ ದೇಶಗಳಲ್ಲಿ ದುಡಿದ ಕರಾವಳಿಯ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಜೆಯಲ್ಲ ಎಂಬ ಅಂಕಣವನ್ನೂ ಆಸ್ಪತ್ರೆ ತಲುಪದೆ ಸತ್ತ ಎಂಬ ಅಂಕಣವನ್ನೂ ಒಟ್ಟಿಗೆ ಓದಿ ಒಂದು ಪಟ್ಟಿಯಾಗಿ ತೋರಿಸಲು ಫ್ಲಟರಿನಲ್ಲಿ ಹತ್ತಿಪ್ಪತ್ತು ಸಾಲಿನ ಕೋಡ್ ಸಾಕು. ದತ್ತಾಂಶ ತೆರೆದಿದೆ, ಉಚಿತವಾಗಿದೆ. ಆದರೂ ಸಾಮಾನ್ಯವಾಗಿ ಆ್ಯಪ್‌ಗಳ ಮೊದಲ ಪರದೆಯಲ್ಲಿ ಇರುವುದು ಒಟ್ಟು ಪ್ರಕರಣ, ಒಟ್ಟು ಸಾವು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಸೂಚಿಸುವ ಒಂದು ಬಾಣ. ಉಳಿದ ಅಂಕಣಗಳೆಲ್ಲ ಪ್ರತಿಸಲವೂ ಸರ್ವರಿನಿಂದ ಫೋನಿನವರೆಗೆ ಬಂದಿರುತ್ತವೆ. ಪಠ್ಯವನ್ನು ಬಿಡಿಸುವ ಹೊತ್ತಿನಲ್ಲಿ, ಬೇಡವೆಂದು, ಅಲ್ಲೇ ಕೈಬಿಡಲಾಗುತ್ತದೆ.