ದೂರವಾಣಿಯ ಸಮೀಕ್ಷೆ: ಯಾರನ್ನು ಕೇಳಬೇಕು?



ಮುಂಬಯಿಯ ಕನ್ನಡಿಗರ ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಿದ್ದಾರೆಂಬುದನ್ನು ದೂರವಾಣಿಯಲ್ಲಿಯೇ ವಿಚಾರಿಸಿ ತಿಳಿಯಬಹುದಲ್ಲವೇ? ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೆ ಇದು ಪ್ರಿಯವಾದ ಪ್ರಶ್ನೆ. 2020ರ ಲಾಕ್‌ಡೌನ್ ಕಾಲದಲ್ಲಿ ರಿಸರ್ವ್ ಬ್ಯಾಂಕು ತನ್ನ ಗ್ರಾಹಕ ವಿಶ್ವಾಸ ಸಮೀಕ್ಷೆಯನ್ನು ಫೋನಿನ ಮೂಲಕವೇ ನಡೆಸಿತು. ಆದುದರಿಂದ ಇದು ಆಗದ ಮಾತಲ್ಲ. ಯಾರಿಗೆ ಫೋನು ಮಾಡಬೇಕೆಂಬುದೇ ತೊಡಕು.

ಸಂಘಗಳ ಸದಸ್ಯರ ಪಟ್ಟಿಯೊಂದೇ ಸಾಲದು. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಟೆಲಿಫೋನು ಡೈರೆಕ್ಟರಿ, ಮೋಟಾರು ನೋಂದಣಿ ಮೊದಲಾದ ಪಟ್ಟಿಗಳನ್ನು ನೋಡಿ ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳುಹಿಸಿ, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್! ಪಟ್ಟಿಯಲ್ಲಿಲ್ಲದವರ, ಉತ್ತರ ಬರೆಯದವರ ಮನಸ್ಸು ಲೆಕ್ಕಕ್ಕೆ ಬಂದಿರಲಿಲ್ಲ.

ಹಾಗಾದರೆ ಮೊಬೈಲ್ ನಂಬರುಗಳನ್ನು ಚೀಟಿ ಎತ್ತಿದಂತೆ ಆರಿಸೋಣವೇ? ಹತ್ತು ಅಂಕಿಗಳನ್ನು ಸುಮ್ಮನೆ ಜೋಡಿಸಿದರೆ ಬಳಕೆಯಲ್ಲಿಲ್ಲದ ನಂಬರುಗಳಿಗೇ ದಿನ ಕಳೆದೀತು. ಮೊದಲ ಅಂಕಿಗಳು ಮೂಲತಃ ಕಂಪೆನಿಯನ್ನೂ ವಲಯವನ್ನೂ ಸೂಚಿಸುವುದರಿಂದ, ಮುಂಬಯಿ ವಲಯದ ಸರಣಿಗಳಲ್ಲಿ ಮಾತ್ರ ಕೊನೆಯ ಅಂಕಿಗಳನ್ನು ಆರಿಸಿ, ನಂಬರು ಚಾಲ್ತಿಯಲ್ಲಿದೆಯೇ ಎಂದು ಯಂತ್ರದಿಂದ ಮೊದಲೇ ಪರೀಕ್ಷಿಸಿದರೆ ಬಹಳ ಶ್ರಮ ಉಳಿಯುತ್ತದೆ. ಎರಡು ಸಿಮ್ ಉಳ್ಳವರಿಗೆ ಆಯ್ಕೆಯಾಗುವ ಅವಕಾಶವೂ ಎರಡು. ಅವರ ಉತ್ತರಕ್ಕೆ ಅರ್ಧ ತೂಕ ಕೊಡುವುದು ನ್ಯಾಯ.

ಇಲ್ಲಿ ಎಚ್ಚರ ಬೇಕು. ಕಲಬುರಗಿಯಿಂದ ಬಂದ ಕಟ್ಟಡದ ಕೂಲಿಗಾರ ಊರಿನ ನಂಬರನ್ನೇ ಇಟ್ಟುಕೊಂಡಿರಬಹುದು; 2015ರ ಜುಲೈ 3ರಿಂದ ವಲಯ ದಾಟಿದರೂ ನಂಬರು ಬದಲಿಸಬೇಕಿಲ್ಲ. ಉಡುಪಿಗೆ ಮರಳಿದವರ ಕೈಯಲ್ಲಿ ಮುಂಬಯಿ ನಂಬರೂ ಇದ್ದೀತು. ಆದುದರಿಂದ ‘ಈಗ ಎಲ್ಲಿ ವಾಸ?’ ಎಂಬುದೇ ಮೊದಲ ಪ್ರಶ್ನೆಯಾಗಲಿ.

ಇನ್ನೊಂದು ಮಾತು. ಈ ನಗರದಲ್ಲಿ ಅನೇಕ ಕರೆಗಳಿಗೆ ಒಬ್ಬ ಕನ್ನಡಿಗ ದೊರೆಯುವುದೂ ಕಷ್ಟ. ಆದುದರಿಂದ ಸಂಘಗಳ ಪಟ್ಟಿಯಿಂದ ಒಂದು ಭಾಗವನ್ನು ಆರಿಸಿ, ಪಟ್ಟಿಯಲ್ಲಿಲ್ಲದವರಿಗಾಗಿ ಮಾತ್ರ ಚೀಟಿಯ ನಂಬರುಗಳನ್ನು ಬಳಸಿ, ಎರಡನ್ನೂ ತಕ್ಕ ತೂಕದಿಂದ ಕೂಡಿಸುವುದು ಮಿತವ್ಯಯದ ಮಾರ್ಗ. ಊರಿನ ನಂಬರಿನವರನ್ನು ಕಟ್ಟಡಗಳ ಬಳಿಗೂ ಹೋಟೆಲುಗಳಿಗೂ ಹೋಗಿ ಕಾಣಬೇಕು.

ಫೋನು ಎತ್ತದವರನ್ನು ಬಿಟ್ಟು ಹೊಸ ನಂಬರಿಗೆ ಹಾರುವುದು ಉಳಿತಾಯವಲ್ಲ. ಹೋಟೆಲಿನವರಿಗೆ ಮಧ್ಯಾಹ್ನದ ಬಿಡುವಿನಲ್ಲಿ, ಕಚೇರಿಯವರಿಗೆ ಭಾನುವಾರ, ಮತ್ತೆ ಮತ್ತೆ ಕರೆಯಬೇಕು. ಕನ್ನಡ ಶಾಲೆ ಬೇಕೆಂದು ನಾಳೆ ನಾವು ನಗರಪಾಲಿಕೆಯ ಮುಂದೆ ನಿಂತಾಗ, ನಮ್ಮ ಅಂಕಿಗಳಲ್ಲಿ ಬಿಡುವಿಲ್ಲದ ಬಡವನೂ ಸೇರಿರಬೇಕು.