ಹಿರಿಯರೊಡನೆ ಹರಟೆ



ವೃದ್ಧರ ಸಹವಾಸದಿಂದ ತರುಣರಿಗೆ ಜ್ಞಾನಲಾಭವಾಗುವುದೆಂಬ ಮಾತನ್ನು ಒಪ್ಪದವರಿಲ್ಲ. ಒಪ್ಪಿದ ಮೇಲೂ ತರುಣರು ವೃದ್ಧರ ಬಳಿ ಬಹಳ ಹೊತ್ತು ಕುಳಿತುಕೊಳ್ಳದೆ ಎದ್ದುಹೋಗುವುದು ಏತಕ್ಕೆಂದು ವಿಚಾರಿಸಿದರೆ, ತಪ್ಪೆಲ್ಲವೂ ತರುಣರದೇ ಅಲ್ಲವೆಂದು ತೋರುತ್ತದೆ. “ನಿಮ್ಮ ಜೀವನದ ಅನುಭವವನ್ನು ನಾಲ್ಕು ಮಾತಿನಲ್ಲಿ ಹೇಳಿರಿ” ಎಂದು ಕೇಳಿದೊಡನೆ ಎಂತಹ ರಸಿಕರಾದ ವೃದ್ಧರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಸತ್ಯ, ಶ್ರಮ, ಮಿತವ್ಯಯಗಳ ಮೇಲೆ ಉಪನ್ಯಾಸವನ್ನು ಆರಂಭಿಸಿಬಿಡುವರು. ಆ ಉಪನ್ಯಾಸದಲ್ಲಿ ಅವರ ಅನುಭವವೊಂದನ್ನುಳಿದು ಮಿಕ್ಕೆಲ್ಲವೂ ಇರುವುದು. ಅದೇ ವೃದ್ಧರು ಎತ್ತಿನ ಬೆಲೆಯನ್ನೋ, ಬಾವಿಯ ನೀರನ್ನೋ, ಮಗಳ ಮನೆಯ ದಾರಿಯನ್ನೋ ಕುರಿತು ಸಹಜವಾಗಿ ಮಾತನಾಡುತ್ತಿರುವಾಗ, ಕಲಿಸಬೇಕೆಂಬ ಸಂಕಲ್ಪವಿಲ್ಲದೆಯೇ ಬಹಳವನ್ನು ಕಲಿಸುವರು. ಬೀದರ, ಔರಾದ, ಭಾಲ್ಕಿಗಳ ಕಡೆಯಿಂದ ಇದಕ್ಕೆ ಕೆಲವು ನಿದರ್ಶನಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಬೀದರ ಜಿಲ್ಲೆಯದೇ ಆದ ಕಲ್ಯಾಣದ ಶರಣರ ವೃತ್ತಾಂತವನ್ನು ಮುಂದಿನ ಕಾಲದವರು ಶೂನ್ಯಸಂಪಾದನೆಯಲ್ಲಿ ಕಟ್ಟಿಕೊಡುವಾಗ ಅದಕ್ಕೆ ಸಂವಾದದ ರೂಪವನ್ನೇ ಆರಿಸಿಕೊಂಡರೆಂಬುದನ್ನೂ ಇಲ್ಲಿ ನೆನೆಯಬಹುದು.

ಮೊದಲು ಬೀದರಿಗೆ ಬರೋಣ. ಚೌಬಾರದ ಸುತ್ತಣ ಗಲ್ಲಿಗಳಲ್ಲಿ ಬಿದರಿ ಕೆಲಸದ ಕಾರ್ಖಾನೆಗಳುಂಟು. ಕಾರ್ಖಾನೆಯೆಂದರೆ ದೊಡ್ಡ ಯಂತ್ರಶಾಲೆಯಲ್ಲ, ನಾಲ್ಕಾರು ಜನ ನೆಲದ ಮೇಲೆ ಕುಳಿತು ಉಳಿ ಹಿಡಿದಿರುವ ಕೋಣೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಅರದಿಂದ ನುಣುಪುಗೊಳಿಸಿ, ಗೀರಿದ ಗೆರೆ ಬೆಳ್ಳಗೆ ಎದ್ದು ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂಡಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲೆಸಿದ ದ್ರವದಿಂದ ಬಿಸಿ ಮಾಡಿದ ಪಾತ್ರೆಯನ್ನು ಉಜ್ಜಿದರೆ, ಲೋಹವು ಶಾಶ್ವತವಾಗಿ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. ಇಷ್ಟನ್ನು ಪುಸ್ತಕವೂ ಹೇಳೀತು. ಆದರೆ ಯಾವ ಮಣ್ಣು? ಬಿಸಿಲು ಮಳೆಗಳು ತಾಗದೆ ಬಹುಕಾಲ ಇದ್ದ ಮಣ್ಣೆಂದು ಕುಶಲಕರ್ಮಿಗಳು ಹೇಳುವರು. ಅದರ ಪರೀಕ್ಷೆ ನಾಲಿಗೆಯಿಂದ. ಹೊಸದಾಗಿ ಸೇರಿದ ಹುಡುಗನೊಬ್ಬನು ಮಣ್ಣಿನ ಗುಣವೇನೆಂದು ಕೇಳಿದಾಗ ಉಸ್ತಾದರು ಗುಣವನ್ನು ವರ್ಣಿಸಲು ಹೋಗದೆ, ಚಿಟಿಕೆ ಮಣ್ಣನ್ನು ಅವನ ಅಂಗೈಗೆ ಹಾಕಿ, “ಜಬಾನ್ ಕು ಲಗಾಕೆ ದೇಖ್, ಬೇಟಾ”, ನಾಲಿಗೆಗೆ ಹಚ್ಚಿ ನೋಡು ಮಗು, ಎಂದು, ಮತ್ತೆ ಬೆಳ್ಳಿಯ ಧಾರಣೆ ಏರಿದ ಸಂಗತಿಯನ್ನೇ ಮುಂದುವರಿಸುವರು. ಹುಡುಗನು ಮುಖ ಕಿವಿಚುವನು, ಉಗುಳುವನು, ಮರುದಿನ ಇನ್ನೊಂದು ಗುಡ್ಡೆಯ ಮಣ್ಣನ್ನು ತಾನಾಗಿಯೇ ನೆಕ್ಕಿ ನೋಡುವನು. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. 2023ರಲ್ಲಿ ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಬಂದಿತು. ಮಾನ್ಯತೆಯು ಹೆಸರನ್ನು ಕಾಪಾಡಬಲ್ಲುದು. ನಾಲಿಗೆಯ ಈ ವಿದ್ಯೆ ಮಾತ್ರ ಬೆಳ್ಳಿಯ ಧಾರಣೆಯ ಮಾತುಕತೆಯ ನಡುವೆಯೇ ಒಬ್ಬರಿಂದ ಒಬ್ಬರಿಗೆ ಸಾಗಬೇಕಾಗಿದೆ.

ಹಿರಿಯರು ಹೇಳಿದ್ದೆಲ್ಲವೂ ಸತ್ಯವೆಂದು ನನ್ನ ಅಭಿಪ್ರಾಯವಲ್ಲ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನು ಬೀದರಿನಲ್ಲಿ 1472ರಲ್ಲಿ ಪೂರೈಸಿದ ಮದರಸಾದ ಎದುರು ನಿಂತು, ಎರಡು ಮಿನಾರುಗಳಲ್ಲಿ ಒಂದು ಹೇಗೆ ಬಿದ್ದಿತೆಂದು ಕೇಳಿ ನೋಡಿರಿ: ಸಿಡಿಲೆಂದು ಒಬ್ಬರು, ಒಳಗೆ ಕೂಡಿಟ್ಟ ಮದ್ದು ಸಿಡಿಯಿತೆಂದು ಇನ್ನೊಬ್ಬರು, ಎರಡೂ ಹೌದೆಂದು ಮತ್ತೊಬ್ಬರು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಔರಂಗಜೇಬನ ಆಳ್ವಿಕೆಯಲ್ಲಿ ನಡೆದ ಈ ಅನಾಹುತದ ಬಗ್ಗೆ ಗ್ರಂಥಕರ್ತರಲ್ಲಿಯೂ ಇದೇ ಭೇದ. ಚಹಾದಂಗಡಿಯ ಬೆಂಚಿನ ಮೇಲೆ ಈ ವಾದವನ್ನು ಕೇಳಿ ಬಂದ ವಿದ್ಯಾರ್ಥಿಯು, ಒಂದೇ ಪುಸ್ತಕವನ್ನು ಓದಿ ಬಂದವನಿಗಿಂತ ಜಾಗರೂಕನಾಗಿರುವನೆಂದು ನಾನು ಭಾವಿಸುತ್ತೇನೆ.

ಇನ್ನು ಔರಾದ ಸೀಮೆಯ ಮಾತು. ಅಲ್ಲಿಯ ಮುದುಕಿಯೊಬ್ಬಳನ್ನು, ಎಂದರೆ ಆ ಕಡೆಯವರು ಆಯಿ ಎಂದು ಕರೆಯುವ ಅಜ್ಜಿಯನ್ನು, ಯಾವ ಇಸವಿಯಲ್ಲಿ ಏನಾಯಿತೆಂದು ಕೇಳಿದರೆ ಉತ್ತರ ದೊರೆಯದು. ಕ್ರಿಸ್ತಶಕವು ಆಕೆಯ ಲೆಕ್ಕದಲ್ಲಿಲ್ಲ. ಮೊಮ್ಮಗಳು ತನ್ನ ಶಾಲೆಯ ಕೆಲಸಕ್ಕಾಗಿ “ಆಯಿ, ಮಿಲ್ಟ್ರಿ ಯಾವಾಗ ಬಂತು?” ಎಂದು ಕೇಳಿದಾಗ, “ಯಾವಾಗಂದ್ರ? ಉತ್ತರಿ ಮಳಿ ಆಗ ಹಿಡದಿತ್ತು, ಹೆಸರು ರಾಶಿ ಮುಗದಿತ್ತು, ಉದ್ದು ಇನ್ನಾ ಹೊಲದಾಗೇ ಇತ್ತು” ಎಂದು ಆಕೆ ಹೇಳಿದಳಂತೆ. ಹುಡುಗಿಗೆ ನಗೆ ಬಂದಿತು. ಆದರೆ ಪಂಚಾಂಗವನ್ನು ತೆರೆದು ನೋಡಿದರೆ, ಸೂರ್ಯನು ಉತ್ತರಾ ನಕ್ಷತ್ರವನ್ನು ಪ್ರವೇಶಿಸುವುದು ಸೆಪ್ಟೆಂಬರ್ 13ರ ಆಸುಪಾಸಿನಲ್ಲಿ. ಭಾರತದ ಸೇನೆಯು ಹೈದರಾಬಾದ್ ಸಂಸ್ಥಾನದ ಗಡಿಯನ್ನು ದಾಟಿದ್ದು 1948ರ ಸೆಪ್ಟೆಂಬರ್ 13ರಂದು. ಹದಿಮೂರು ಹದಿನಾಲ್ಕು ದಿನಗಳಿಗೊಮ್ಮೆ ಹೆಸರು ಬದಲಿಸುವ ಮಳೆಗಳ ಕೋಷ್ಟಕವನ್ನು ನೆನಪಿನಲ್ಲಿಟ್ಟುಕೊಂಡವಳಿಗೆ ತಾರೀಖಿನ ಹಂಗು ಏತಕ್ಕೆ? ಅಂದಿನಿಂದ ಆ ಹುಡುಗಿಯು ಆಯಿಯ ಮದುವೆ ಯಾವ ಮಳೆಯಲ್ಲಾಯಿತು, ದೊಡ್ಡ ಬರದ ವರ್ಷ ಯಾವ ಮಳೆ ಕೈಕೊಟ್ಟಿತು ಎಂದು ವಿಚಾರಿಸಿ, ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡು ಬರೆದುಕೊಳ್ಳತೊಡಗಿದಳೆಂದು ಕೇಳಿದ್ದೇನೆ. ಪಾಠಶಾಲೆಯ ಇತಿಹಾಸಕ್ಕೆ ಇದಕ್ಕಿಂತ ಉತ್ತಮವಾದ ಪೂರಕ ಪಠ್ಯವನ್ನು ನಾನು ಕಾಣೆ.

ಅದೇ ಆಯಿಯ ತವರು ಉದಗೀರದ ಕಡೆ. ನಿಜಾಮರ ಕಾಲದ ಬೀದರ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹಮದಪುರಗಳೂ, ಜಹೀರಾಬಾದ, ನಾರಾಯಣಖೇಡಗಳೂ ಸೇರಿದ್ದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉದಗೀರವೇ ಮೊದಲಾದ ಮರಾಠಿಯ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ತೆಲುಗಿನವು ಆಂಧ್ರಪ್ರದೇಶಕ್ಕೂ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೂ ಸಂದವು. ಕನ್ನಡನಾಡಿನ ಏಕೀಕರಣವು ನಮಗೆಲ್ಲ ಹಬ್ಬವೇ ಸರಿ. ಆ ಹಬ್ಬವನ್ನು ನಾನೂ ಆಚರಿಸುವವನೇ. ಆದರೆ, “ತವರ್ಮನಿ ದೂರ ಏನಿಲ್ಲವ್ವಾ, ನಡಬರಕ ಸರ್ಕಾರ ಬಂತು” ಎಂದು ಎಲೆ ಅಡಿಕೆ ಮೆಲ್ಲುತ್ತ ಆಯಿ ಹೇಳಿದ ಮಾತಿನಲ್ಲಿ ದೂರೂ ಇಲ್ಲ, ದುಃಖವೂ ಇಲ್ಲ. ಅಣ್ಣನ ಮಕ್ಕಳ ಓದು ಒಂದು ಭಾಷೆಯಲ್ಲಿ, ತನ್ನ ಮಕ್ಕಳ ಓದು ಇನ್ನೊಂದರಲ್ಲಿ ಆಯಿತೆಂಬ ಸಂಗತಿ ಮಾತ್ರ ಇದೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಉಣ್ಣುವ ಭಜ್ಜಿ, ರೊಟ್ಟಿ, ಅಂಬಲಿಗಳಿಗೆ ಎರಡೂ ಕಡೆಯ ಬೀಗರು ಬಂದು ಕುಳಿತಾಗ, ಆ ಪಂಕ್ತಿಯಲ್ಲಿ ಯಾವ ಭಾಷೆಯ ಮಾತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ.

ಮಾತಿನಿಂದ ಕಲಿಯುವಂತೆ ಮೌನದಿಂದಲೂ ಕಲಿಯುವುದುಂಟು. ಆಯಿ ಉತ್ತರಿ ಮಳೆಯವರೆಗೆ ಧಾರಾಳವಾಗಿ ಹೇಳಿ, ಅದರ ಮುಂದಿನ ವಾರಗಳ ಬಗ್ಗೆ ಕೇಳಿದಾಗ ಒಲೆಯ ಕಡೆ ಎದ್ದು ಹೋಗುವಳು. ಬೀದರಿನ ಓಣಿಯೊಂದರಲ್ಲಿ ಅದೇ ವಯಸ್ಸಿನ ದಾದಿಯೂ, ಎಂದರೆ ಮುಸಲ್ಮಾನರ ಮನೆಯ ಅಜ್ಜಿಯೂ, ಅದೇ ಪ್ರಶ್ನೆಗೆ ತಸ್ಬಿಯ ಜಪಮಣಿಗಳನ್ನು ಕೈಗೆತ್ತಿಕೊಳ್ಳುವಳು. ನಿಜಾಮರ ಪಕ್ಷದ ರಜಾಕಾರರ ಹಾವಳಿಯ ದಿನಗಳಲ್ಲಿ, 1948ರ ಮೇ ತಿಂಗಳಲ್ಲಿ, ಗೋರಟಾ ಗ್ರಾಮದಲ್ಲಿ ಹತ್ಯಾಕಾಂಡ ನಡೆಯಿತು; ಸೇನೆಯು ಗಡಿ ದಾಟಿ ಬಂದ ಆ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ಹಿಂಸಾಚಾರ ನಡೆಯಿತು; ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು; ಅದರ ವರದಿ ಬಹು ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಇವಿಷ್ಟನ್ನೂ ಯುವಕರು ಓದಿ ತಿಳಿಯಬೇಕು, ತಿಳಿಯಲೇಬೇಕು. ಆದರೆ ಎದ್ದು ಹೋದ ಮುದುಕಿಯನ್ನು ಹಿಂಬಾಲಿಸಿ, ಕೈಯಲ್ಲಿ ಧ್ವನಿಮುದ್ರಣದ ಯಂತ್ರವನ್ನು ಹಿಡಿದು, ಹೇಳು ಹೇಳೆಂದು ಪೀಡಿಸುವುದು ಸಂಶೋಧನೆಯ ಹೆಸರಿನಲ್ಲಿ ನಡೆದರೂ ಅಸಭ್ಯತೆಯೇ. ಎರಡು ಮನೆಗಳ ಮೌನವು ಒಂದೇ ಕಡೆ ಆರಂಭವಾಗುವುದೆಂಬುದನ್ನು ಗಮನಿಸಿದ ಮೊಮ್ಮಗಳಿಗೆ, ಹೇಳದೆ ಉಳಿದ ಸಂಗತಿಯೂ ಬಹುಮಟ್ಟಿಗೆ ತಿಳಿದಂತೆಯೇ.

ಭಾಲ್ಕಿಯಲ್ಲಿ ವೃದ್ಧರ ಮಾತು ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ಮುಟ್ಟದೆ ಬಹಳ ದೂರ ಹೋಗದು. 1890ರಲ್ಲಿ ಕಮಲನಗರದಲ್ಲಿ ಜನಿಸಿ, ನೂರನ್ನು ದಾಟಿ, 1999ರವರೆಗೆ ಬಾಳಿದ ಆ ಮಹನೀಯರು, ಉರ್ದು ರಾಜಭಾಷೆಯಾಗಿದ್ದ ಸಂಸ್ಥಾನದಲ್ಲಿ, ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಜಿಲ್ಲೆಯಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ಸಭೆಗಳಲ್ಲಿ ಇದನ್ನು ವೀರಕಥೆಯಾಗಿ ವರ್ಣಿಸುವರು. ಅಂತಹ ಶಾಲೆಯಲ್ಲಿ ಓದಿದ ಮುತ್ಯಾ, ಎಂದರೆ ಅಜ್ಜ, ಒಬ್ಬರು ಮಾತ್ರ ವೀರರಸಕ್ಕೆ ಕೈಹಾಕದೆ, ಮಠದ ಊಟದ ರೊಟ್ಟಿ ಎಷ್ಟು ದಪ್ಪವಾಗಿತ್ತೆಂಬುದನ್ನೂ, ಹಲಗೆ ಒಡೆದದ್ದಕ್ಕೆ ತಿಂದ ಏಟನ್ನೂ ನೆನೆಯುವರು. ಅವರಿಗೆ ಉರ್ದುವಿನ ಮೇಲೆ ದ್ವೇಷವಿಲ್ಲ. ಕನ್ನಡದಲ್ಲಿ ಪತ್ರ ಬರೆದು, ಲೆಕ್ಕವನ್ನು ಮಾತ್ರ ಉರ್ದುವಿನಲ್ಲಿಯೇ ಗುಣಗುಣಿಸುವರು.

ಆ ಮುತ್ಯಾರ ಮೊಮ್ಮಗನು ಪಟ್ಟಣದಲ್ಲಿ ಓದಿ ಬಂದವನು. ಹೊಲದ ವ್ಯವಹಾರಕ್ಕಾಗಿ ಪೆಟ್ಟಿಗೆಯೊಳಗಿನ ಹಳೆಯ ಕಾಗದಗಳನ್ನು ಹೊರತೆಗೆದಾಗ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಮುತ್ಯಾ ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಓದಿದರು: ಫಸಲಿ 1345, ಹಣವು ಹಾಲಿ ಸಿಕ್ಕಾದಲ್ಲಿ, ಎಂದರೆ ನಿಜಾಮರ ನಾಣ್ಯದಲ್ಲಿ. ಕಂದಾಯದ ವರ್ಷವಾದ ಫಸಲಿಗೆ 590 ಕೂಡಿಸಿದರೆ ಇಸವಿ ಸರಿಸುಮಾರಾಗಿ ಬರುವುದೆಂದೂ, ನಿಜಾಮರ ಏಳು ರೂಪಾಯಿಗೆ ಕಲ್ದಾರ್, ಎಂದರೆ ಇಂಗ್ಲಿಷರ ನಾಣ್ಯ, ಆರೆಂದೂ ಹುಡುಗನಿಗೆ ಗೊತ್ತಾಯಿತು. ಹಾಗಾದರೆ ಇದು 1935ರ ಕಾಗದವೆಂದು ಅವನು ಲೆಕ್ಕ ಹಾಕಿದನು. ಫಸಲಿ ವರ್ಷವು ಅಕ್ಟೋಬರಿನಲ್ಲಿ ಮೊದಲಾಗುತ್ತಿತ್ತಾದ್ದರಿಂದ 1936 ಇದ್ದರೂ ಇರಬಹುದೆಂದು ಮುತ್ಯಾ ತಿದ್ದಿದರು. ಪ್ರತಿಯಾಗಿ ಹುಡುಗನು ಮೊಬೈಲಿನಲ್ಲಿ ಈಗಿನ ಪಹಣಿಯನ್ನು ತೆರೆದು ತೋರಿಸಿದನು. ಅದರಲ್ಲಿ ತಮ್ಮ ಅಪ್ಪನ ಹೆಸರಿನ ಕಾಗುಣಿತ ತಪ್ಪಿರುವುದು ಮುತ್ಯಾರ ಕಣ್ಣಿಗೆ ಕೂಡಲೆ ಬಿದ್ದಿತು, ಮಠದ ಶಾಲೆಯ ಹಲಗೆ ವ್ಯರ್ಥವಾಗಿರಲಿಲ್ಲ. ತಿದ್ದುಪಡಿಗೆ ಅರ್ಜಿ ಬರೆಯಬೇಕೆಂದು ಇಬ್ಬರೂ ಕುಳಿತರು. ಮೂರು ಸಾಲು ಸಾಕೆಂದು ಮೊಮ್ಮಗನು. ಫಸಲಿಯಿಂದ ಹಿಡಿದು ಪೂರ್ವೋತ್ತರವೆಲ್ಲವನ್ನೂ ನಿವೇದಿಸದೆ ಅರ್ಜಿಗೆ ತೂಕ ಬಾರದೆಂದು ಮುತ್ಯಾ. ಕಡೆಯ ಸುದ್ದಿ ಬಂದಾಗ ಒಕ್ಕಣೆಯು ಎರಡನೆಯ ಪುಟಕ್ಕೆ ತಿರುಗಿತ್ತು.