ರಿಪೋರ್ಟು ನಾರ್ಮಲ್, ನೋವು ನಿಜ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



2006ರ ಚಿಕೂನ್‌ಗುನ್ಯಾ ಹಿರಿಯರಿಗೆ ನೆನಪಿರಬೇಕು. ಆ ವರ್ಷ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದು. ನೋವಿನಿಂದ ಬಾಗಿಹೋಗುವುದು ಎಂದು ಅದರ ಅರ್ಥ. ಜ್ವರ ವಾರದಲ್ಲಿ ಇಳಿಯಿತು. ಕೀಲುನೋವು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಆಗ ಪಿಯುಸಿ ಓದುತ್ತಿದ್ದ ನಾನೂ ಅವರಲ್ಲೊಬ್ಬಳು.

ಮುಂದೆ ನನ್ನ ಫೈಲಿಗೆ ಇನ್ನೆರಡು ಹೆಸರು ಸೇರಿದವು. ಮೈಯೆಲ್ಲಾ ಹರಡಿ ತಿಂಗಳುಗಟ್ಟಲೆ ಬಿಡದ ನೋವಿಗೆ ಫೈಬ್ರೊಮಯಾಲ್ಜಿಯಾ ಎನ್ನುತ್ತಾರೆ. ಎಷ್ಟು ಮಲಗಿದರೂ ಹೋಗದ, ಸ್ವಲ್ಪ ಹೆಚ್ಚು ದುಡಿದರೆ ಮರುದಿನ ಹಾಸಿಗೆ ಹಿಡಿಸುವ ಸುಸ್ತಿಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎನ್ನುತ್ತಾರೆ. ಒಬ್ಬರಿಗೇ ಎರಡೂ ಇರಬಹುದು. ಎರಡನ್ನೂ ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ಆದ್ದರಿಂದಲೇ ರಿಪೋರ್ಟು ನಾರ್ಮಲ್. ಕನ್ನಡದಲ್ಲಿ ಮೈಗಳ್ಳಿ, ಉರ್ದುವಿನಲ್ಲಿ ಕಾಮ್‌ಚೋರ್ – ನಾನು ಕಲಿಸುವ ಎರಡೂ ಭಾಷೆಗಳಲ್ಲಿ ಬಿರುದು ಪಡೆದಿದ್ದೇನೆ.

ದೊಡ್ಡ ತೊಡಕು ಬೇರೆಯೇ ಇದೆ. ಫೈಬ್ರೊಮಯಾಲ್ಜಿಯಾಕ್ಕೆ ನಿಧಾನವಾಗಿ ವ್ಯಾಯಾಮ ಹೆಚ್ಚಿಸಿ ಎನ್ನುತ್ತಾರೆ. ಕ್ರಾನಿಕ್ ಫಟೀಗ್ ಇದ್ದವರಿಗೆ ಅದೇ ಸಲಹೆ ಕೆಡುಕು ಮಾಡಬಹುದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಎರಡೂ ಇರುವವರ ಕೈಯಲ್ಲಿ ಒಂದು ಚೀಟಿ 'ನಡೆ' ಎನ್ನುತ್ತದೆ, ಇನ್ನೊಂದು 'ನಿಲ್ಲು' ಎನ್ನುತ್ತದೆ.

ಹಾಗಾದರೆ ದಾರಿ ಯಾವುದು? ನಾಲೆ ಬಯಲಿನ ರೈತರಿಗೆ ಕಟ್ಟು ಪದ್ಧತಿ ಗೊತ್ತು. ನೀರು ಕಡಿಮೆ ಇದ್ದಾಗ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ನನ್ನ ಶಕ್ತಿಯನ್ನೂ ಹಾಗೆಯೇ ಬಳಸುತ್ತೇನೆ. ಒಂದು ಪೀರಿಯಡ್ ನಿಂತು ಪಾಠ ಮಾಡಿದರೆ ಮುಂದಿನದನ್ನು ಕುಳಿತು ಮಾಡುತ್ತೇನೆ. ಮೈ ಹಗುರವೆನಿಸಿದ ದಿನವೂ ಮನೆಗೆಲಸವನ್ನೆಲ್ಲ ಒಮ್ಮೆಗೇ ಮುಗಿಸಲು ಹೋಗುವುದಿಲ್ಲ. ಆ ದಿನವೇ ಅಪಾಯದ ದಿನ.

ನಿಮ್ಮಲ್ಲಿ ಯಾರಿಗಾದರೂ ಇಂಥ ಸುಸ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಕೊರತೆ, ಸಂಧಿವಾತ ಇದ್ದರೆ ಚಿಕಿತ್ಸೆಯಿದೆ. ಮೂವರು ವೈದ್ಯರಿಗೆ ಮೂರು ಫೈಲು ಬೇಡ. ಎಲ್ಲವೂ ಒಂದೇ ಫೈಲಿನಲ್ಲಿರಲಿ. ಇಂದು ಮಾಡಿದ ಕೆಲಸ, ನಾಳೆ ಆದ ಪರಿಣಾಮ ಎರಡನ್ನೂ ಬರೆದಿಟ್ಟು ತೋರಿಸಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಬೇಡಿ; ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ.

ಶಿಕ್ಷಕ ಮಿತ್ರರೇ, ತಂದೆತಾಯಿಗಳೇ, ಸೊಸೆ ಮಧ್ಯಾಹ್ನ ಮಲಗಿದರೆ, ಯುವಕನೊಬ್ಬ ಕುರ್ಚಿಯಲ್ಲಿ ಕುಳಿತು ನಮಾಜು ಮಾಡಿದರೆ, ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟರೆ ಕೂಡಲೇ ತೀರ್ಪು ಕೊಡಬೇಡಿ. "ನಿನ್ನೆ ಬಹಳ ಕೆಲಸವಿತ್ತೇನಮ್ಮಾ?" ಎಂದು ಕೇಳಿ. ಈ ಕಾಯಿಲೆಯ ಕಾರಣ ಬಹಳ ಸಲ ನಿನ್ನೆಯಲ್ಲಿರುತ್ತದೆ. ಆ ಒಂದು ಪ್ರಶ್ನೆಯಿಂದ ಒಂದು ಮಗು ಶಾಲೆ ಬಿಡುವುದು ತಪ್ಪಬಹುದು.